ಹಡಗಿನ ಕುರ್ಚಿಗೆ ಹಾಕಿದ ದಸ್ತಿ

ಪ್ರವಾಸಿ ಹಡಗಿನ ಈಜುಕೊಳದ ನೀರು ಪರೀಕ್ಷಿಸುವುದು ನನ್ನ ಕೆಲಸ. ಮುಂಬೈ ಬಂದರಿನಲ್ಲಿ ಎಲ್ಲರೂ ಇಳಿದ ಮೇಲೂ ಬಸವಕಲ್ಯಾಣದ ಕಿರಾಣಿ ಅಂಗಡಿಯ ದಂಪತಿ ಡೆಕ್ಕಿನಲ್ಲೇ ಕೂತಿದ್ದರು. ಅದೇ ಹಡಗಿನ ಮುಂದಿನ ಪ್ರಯಾಣಕ್ಕೂ ಅವರು ಟಿಕೆಟ್ ತೆಗೆದಿದ್ದರು. ಆದರೂ ಒಮ್ಮೆ ಇಳಿದು, ತಪಾಸಣೆ ಮುಗಿಸಿ ಹತ್ತಬೇಕು. ನಾನು ಅವರ ಪಕ್ಕದೂರು ಹುಮನಾಬಾದಿನವನಾದ್ದರಿಂದ, ಅವರನ್ನು ಇಳಿಯಲು ಒಪ್ಪಿಸಲು ನನ್ನನ್ನೇ ಕಳಿಸಿದರು.

"ಇಳಿತೀವಪ್ಪ, ಆದ್ರ ಈ ಕುರ್ಚಿ ಹೋಗ್ತದ," ಅಂದರು ಹೆಂಡತಿ; ನಮ್ಮ ಕಡೆಯ ರೂಢಿಯಂತೆ ನನಗೆ ಅವರು ಕಾಕು, ಗಂಡ ಕಾಕಾ. "ಕಡೀ ದಿನ ಇಲ್ಲಿ ಕುಂತ ಮ್ಯಾಲೇ ಇವರ ವಾಂತಿ ನಿಂತಿದ್ದು. ಸಮುದ್ರ ನೋಡಾಕ ಸುರು ಮಾಡಿದ್ರು, ಮುಂಬೈ ಬಂತು. ಅದಕ್ಕೇ ಮತ್ತ ಹೊಂಟೀವಿ."

"ಬ್ಯಾರೆ ಕುರ್ಚಿ ಸಿಗ್ತಾವ್ರಿ."

"ಹುಮನಾಬಾದದಾಗ ಎಂದೂ ಬಸ್ ಹತ್ತಿಲ್ಲೇನು? ಕಿಡಕ್ಯಾಗಿಂದ ದಸ್ತಿ ಒಗದ್ರ ಸೀಟು ನಮ್ಮದು." ಕಾಕು ಕಾಕಾನ ಹೆಗಲಿನ ದಸ್ತಿ ಎಳೆದು ಕುರ್ಚಿಗೆ ಹಾಸಿದರು.

ವಸ್ತು ಇಟ್ಟು ಜಾಗ ಹಿಡಿಯುವಂತಿಲ್ಲ ಎಂಬ ಫಲಕ ಹಿಂದೆಯೇ ಇತ್ತು. ಓದಿ ಹೇಳಿದೆ.

"ಬಸ್ಸಿನಾಗೂ ಏನೇನೋ ಬರದಿರ್ತಾರ," ಅಂದು ಇಳಿದರು.

ನಿಯಮದಂತೆ ದಸ್ತಿ ತೆಗೆಯಬೇಕಿತ್ತು. ಏನಾಗುತ್ತದೋ ನೋಡೋಣವೆಂದು ಬಿಟ್ಟೆ.

ಹೊಸ ಪ್ರಯಾಣಿಕರು ಹತ್ತಿ ಡೆಕ್ ತುಂಬಿತು. ಇವರಿಬ್ಬರ ಸುಳಿವಿಲ್ಲ. ಕಾಕಾನಿಗೆ ಮತ್ತೆ ವಾಂತಿಯಾದೀತೆಂದು ಚಿಂತೆಯಾಗಿ, ನಾನೇ ಕೂತು ಜಾಗ ಕಾಯೋಣವೆಂದು ಹೋದೆ. ಪಕ್ಕದ ಕುರ್ಚಿಯ ಅಪರಿಚಿತರೊಬ್ಬರು ಕೈ ಅಡ್ಡ ಹಿಡಿದು, ದಸ್ತಿ ತೋರಿಸಿ ಹಿಂದಿಯಲ್ಲಿ ಗದರಿದರು: "ಕಾಣಿಸುವುದಿಲ್ಲವೇ? ಇಲ್ಲಿ ಜನ ಕೂತಿದ್ದಾರೆ!"

ನಾನು ಹಡಗಿನ ಸಮವಸ್ತ್ರದಲ್ಲಿದ್ದೆ. ಫಲಕ ಅವರ ತಲೆಯ ಮೇಲೇ ಇತ್ತು. ಕಾಕಾ ಬಂದು ಕೂರುವವರೆಗೂ ಅವರು ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.