ಸೋಪು ಹಾಕಿ ಒಗೆದ ಹುಳಿ

ಬೀದಿ ತುದಿಯ ಅಂಗಡಿಯಲ್ಲಿ ಹೊಲಿಗೆ ಮಷಿನ್ ತುಳಿಯುವ ದರ್ಜಿ ಹೆಂಗಸಿಗೆ ಆ ವರ್ಷ ಎಲ್ಲರ ಮೇಲೂ ಸಿಟ್ಟು. ಮೊದಲು ಅಪ್ಪನ ಮೇಲೆ. ಜ್ವರ ಬಿಟ್ಟರೂ ಮುದುಕ ಮಂಚ ಬಿಡಲಿಲ್ಲ. ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟ. ಏನು ಕೊಟ್ಟರೂ ಎರಡು ಗುಟುಕಿಗೇ ಬಾಯಿಗೆ ರುಚಿಯಿಲ್ಲವೆಂದು ಬಟ್ಟಲು ತಳ್ಳುವುದೊಂದೇ ಕೆಲಸ. ಹೀಗೇ ಅರೆಹೊಟ್ಟೆಯಲ್ಲಿ ಬಿದ್ದಿದ್ದರೆ ಕೈಮೀರುತ್ತದೆ ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಅವಳು ಕೇಳಿ ಕೇಳಿ ಸುಸ್ತಾದ ಮೇಲೆ ಒಂದು ದಿನ ಅವನೇ ಬಾಯಿಬಿಟ್ಟ: "ಕಡಲೆ ಗಿಡದ ಹುಳಿ ಸಿಕ್ಕಿದ್ರೆ ನೋಡೋಣ."

ಕಡಲೆ ಎಲೆಯ ಮೇಲೆ ಕಂಡೂ ಕಾಣದಂಥ ರೋಮಗಳಿರುತ್ತವೆ. ಅವು ಒಸರುವ ಹುಳಿ ಇಬ್ಬನಿಯಲ್ಲಿ ಕರಗುತ್ತದೆ. ಗಿಡದ ಮೇಲೆ ಬಟ್ಟೆ ಹಾಸಿದರೆ ಬಟ್ಟೆ ಹೀರಿಕೊಳ್ಳುತ್ತದೆ. ದಿನಾ ಹಾಸಿ, ದಿನಾ ಒಣಗಿಸಿ, ಕೊನೆಗೊಮ್ಮೆ ನೆನೆಸಿ ಹಿಂಡಬೇಕು. ಮನೆ ಹಿಂದಿನ ಹೊಲದಲ್ಲಿ ಅಪ್ಪ ಪ್ರತಿವರ್ಷ ಇದನ್ನು ತಾನೇ ಮಾಡುತ್ತಿದ್ದ. ಈಗ ಮಗಳ ತಲೆಗೆ ಬಂತು. ಇದ್ದ ಕೆಲಸ ಸಾಲದಿತ್ತು ನೋಡಿ.

ಗಿಡ ಎಳೆಯದಾಗಿದ್ದಾಗ ಹಾಸಿ ನೆಕ್ಕಿ ನೋಡಿದಳು, ಬರೀ ನೀರು. ಹೂಬಿಡುವ ಹೊತ್ತಿಗೆ ಹುಳಿ ನಾಲಿಗೆಗೆ ತಾಗಿತು, ಅಷ್ಟರಲ್ಲಿ ಅಕಾಲದ ಮಳೆ ಬಂದು ಎಲೆ ಮೇಲಿನ ಹುಳಿಯನ್ನೆಲ್ಲ ತೊಳೆದುಕೊಂಡು ಹೋಯಿತು. ಅವಳು ಆಕಾಶಕ್ಕೂ ಬೈದಳು. ಕಾಯಿ ಕಟ್ಟಿದಾಗ ಮಾತ್ರ ಹುಳಿ ನಿಜವಾಗಿ ಏರಿತು. ಹೊಲಕ್ಕೆ ಇಳಿದರೆ ಕಾಲುರಿ, ಸೂಜಿ ಹಿಡಿಯುವ ಬೆರಳಿಗೂ ಉರಿ. ನಸುಕಿನಲ್ಲೆದ್ದು ದಿನಾ ಹಾಸಿದ ಬಟ್ಟೆ ಕಂದಾಗಿ ರಟ್ಟಿನಂತೆ ಸೆಟೆದುಕೊಂಡಿತು. ಸಂಜೆ ಹಿಂಡೋಣವೆಂದು ಹಿತ್ತಿಲ ಬಾಗಿಲಿಗೆ ನೇತುಹಾಕಿ ಅಂಗಡಿಗೆ ಹೋದಳು.

ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಉಂಡ ತಟ್ಟೆಯನ್ನೂ ಎತ್ತಿಡದ ಮಹಾನುಭಾವ. ಆ ಮಧ್ಯಾಹ್ನವೇ ಅವನಿಗೆ ಹೆಂಡತಿಯ ಮೇಲೆ ಕನಿಕರ ಉಕ್ಕಬೇಕೇ? ಸಂಜೆ ಅವಳು ಬಂದು ನೋಡಿದರೆ ಬಟ್ಟೆ ಹಗ್ಗದ ಮೇಲೆ ಬೆಳ್ಳಗೆ ಹಾರಾಡುತ್ತಿದೆ.

"ಒಂದ್ಸಲಕ್ಕೆ ಕೊಳೆ ಹೋಗ್ಲಿಲ್ಲ. ಎರಡನೇ ಸಲ ಸೋಪು ಹಾಕ್ದೆ," ಎಂದ, ಹೊಗಳಿಕೆಗೆ ಕಾಯುತ್ತಾ.

"ನಿಮ್ಮನ್ನ ಯಾರ್ರೀ ಕೇಳಿದ್ರು? ಇಷ್ಟು ವರ್ಷ ಸುಮ್ನಿದ್ದೋರು ಇವತ್ತೊಂದಿನ ಸುಮ್ನಿರೋಕೆ ಏನಾಗಿತ್ತು?"

ಮತ್ತೆ ಹಾಸೋಣವೆಂದರೆ ಬಿಸಿಲು ಏರಿತ್ತು. ಎಲೆಗಳು ಹಳದಿಯಾಗಿ ಒಣಗುತ್ತಿದ್ದವು. ಒಣಗಿದ ಎಲೆ ಏನು ಒಸರೀತು? ಕಾಲುವೆ ಬದಿಯಲ್ಲಿ ತಡವಾಗಿ ಮೊಳೆತ ಕೆಲವೇ ಗಿಡ ಹಸಿರಾಗಿದ್ದವು. ಅವಳು ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿದಳು. ಗಂಡ ಬಟ್ಟಲು ಹಿಡಿದು ನಿಂತ. ಸಿಕ್ಕಿದ್ದು ಒಂದು ಚಮಚ.

ಅದನ್ನು ಗಂಜಿಗೆ ಬೆರೆಸಿ ಅಪ್ಪನ ಪಕ್ಕ ಕುಳಿತಳು. ಇದನ್ನೂ ಒಲ್ಲೆ ಎಂದರೆ ಇನ್ನು ಕೊಡಲು ಏನೂ ಉಳಿದಿರಲಿಲ್ಲ.

ಮುದುಕ ಚಪ್ಪರಿಸಿದ. ಮುಖ ಹಿಂಡಿದ.

"ಥೂ! ಇದೇನೇ, ಹುಳೀನೇ ಇಲ್ಲ! ಬಟ್ಟೆ ಹಾಸೋದೂ ಬರಲ್ವಾ ನಿಂಗೆ?"

ಬೈಯುತ್ತಲೇ ಇನ್ನೊಂದು ಚಮಚ ಬಾಯಿಗಿಟ್ಟುಕೊಂಡ. ಬಟ್ಟಲು ಖಾಲಿಯಾದ ಮೇಲೆ ಮೊಣಕೈ ಊರಿ ಎದ್ದು ಕುಳಿತ.

"ನಾಳೆ ನಾನೇ ಬಂದು ತೋರಿಸ್ತೀನಿ. ನನ್ನ ಊರುಗೋಲು ಎಲ್ಲಿಟ್ಟಿದೀಯ?"

ಇವನು ಇನ್ನೆಲ್ಲಿ ಏಳುತ್ತಾನೆ ಎಂದುಕೊಂಡು ಹೋದ ತಿಂಗಳೇ ಅದನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟುಬಿಟ್ಟಿದ್ದಳು. ವಾಪಸ್ ಕೇಳಲು ಮುಖವಿರಲಿಲ್ಲ.

"ತರ್ತೀನಿ, ಇರಪ್ಪಾ," ಎಂದು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದಳು.