ಅವರ ಮಾತು, ನನ್ನ ನಾಲಿಗೆ

ಕಾನ್ವೆಂಟಿನಲ್ಲಿ ನನಗೆ ಹಿಂದಿ ಕಲಿಸಿದ ಸಿಸ್ಟರ್, ಸ್ತ್ರೀಲಿಂಗ ಪುಲ್ಲಿಂಗ ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಅಷ್ಟು ಪೆಟ್ಟು ತಿಂದು ಕಲಿತ ಭಾಷೆ ಕೊಡಗಿನಲ್ಲಿ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ, ಮೊದಲ ಲಾಕ್‌ಡೌನಿನಲ್ಲಿ ಬಂತು.

ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಎಸ್ಟೇಟು. ಬಂಗಲೆಯಿಂದ ಕೆಳಗಿಳಿದರೆ ಕೆಲಸದವರ ಲೈನ್, ಒಂದೇ ಸಾಲಿನಲ್ಲಿ ಹನ್ನೊಂದು ಮನೆ. ತಮಿಳು, ಮಲಯಾಳ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುವ ಜನ. ಹಿಂದಿ ಮಾತ್ರ ಯಾರಿಗೂ ಬಾರದು. ದೇಶದ ದೊಡ್ಡವರು ಟಿವಿಯಲ್ಲಿ ಮಾತಾಡುತ್ತಾರೆ ಎಂದು ಗೊತ್ತಾದ ದಿನ ನಾನೇ ಟಿವಿಯನ್ನು ವರಾಂಡಕ್ಕೆ ತರಿಸಿದೆ. ಕಾಫಿ ಒಣಗಿಸುವ ಕಣದಲ್ಲಿ ಎಲ್ಲರನ್ನೂ ಒಂದೊಂದು ಮಾರು ದೂರ ಕೂರಿಸಿದೆ. ಟಿವಿಯಲ್ಲಿ ಅವರು ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ನಾನು ಅದನ್ನು ಕನ್ನಡ ಮಾಡಬೇಕು. ಮಾಡಿದೆ. ನಿಜ ಹೇಳಬೇಕೆಂದರೆ ಅವರು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಮಾಡಿದೆ. ‘ನಮ್ಮ ಮನೆ ಹಿರಿಯರ ಹಾಗೆ ಕೇಳಿಕೊಳ್ತಿದ್ದಾರೆ’ ಎಂದೆ. ‘ಅವರೂ ಹಾಗೇ ಇರ್ತಾರೆ’ ಎಂದೆ. ಅದು ಅವರ ಬಾಯಿಂದ ಬಂದದ್ದಲ್ಲ, ನಾನು ಸೇರಿಸಿದ್ದು. ಟ್ರಾನ್ಸ್‌ಲೇಷನ್ ಮಾಡುವವರು ತಮ್ಮ ಪ್ರೀತಿಯನ್ನು ಬೆರೆಸಬಾರದು ಎಂದು ಆ ಸಿಸ್ಟರ್ ಕಲಿಸಿರಲಿಲ್ಲ.

ಯಾರೂ ಮನೆ ಬಾಗಿಲು ದಾಟಬಾರದು ಎಂಬ ಮಾತು ಬಂದಾಗ ನನಗೆ ‘ಗೆರೆ’ ಎಂಬ ಪದ ತಟ್ಟನೆ ಹೊಳೆಯಲಿಲ್ಲ. “ಬಾಗಿಲಲ್ಲಿ ಲೈನ್ ಇದೆ ಅಂದ್ಕೊಳ್ಳಿ. ಲೈನ್ ದಾಟಬಾರದು” ಎಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ನೋಡಿದರೆ ಹನ್ನೊಂದು ಮನೆಯವರೂ ಒಂದೇ ಜಗಲಿಯಲ್ಲಿ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದಾರೆ. ನಾನು ಮೇಲಿನಿಂದಲೇ ಗದರಿದೆ. ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಹೋಗುವ ಹೆಂಗಸರಿಗೆಲ್ಲ ಮುಂದಾಳಾದವಳು ಎದ್ದು ನಿಂತಳು. ಮೂವತ್ತು ವರ್ಷದಿಂದ ನಮ್ಮಲ್ಲಿದ್ದವಳು. ನನ್ನನ್ನು ಅಮ್ಮ ಎಂದೇ ಕರೆದು, ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿದ್ದೀರಿ ಎಂದು ನನ್ನನ್ನೇ ಬೈಯುವಷ್ಟು ಸಲಿಗೆ ಇದ್ದವಳು.

“ಲೈನ್ ದಾಟ್ಲಿಲ್ಲವಲ್ಲ ಅಮ್ಮ. ಎಲ್ಲ ಲೈನಿನ ಒಳಗೇ ಇದ್ದೇವೆ.”

ಅವರಿಗೆ ಲೈನ್ ಎಂದರೆ ಆ ಹನ್ನೊಂದು ಮನೆ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

“ಬಂಗಲೆಯವ್ರಿಗೆ ಲೈನೇ ಇಲ್ಲ. ಹಾಗಾದ್ರೆ ಈ ರೂಲು ನಮಗೆ ಮಾತ್ರವಾ?”

“ನಮಗೂ ಅದೇ. ಟಿವಿಯಲ್ಲಿ ಬಂದ್ರಲ್ಲ, ಆ ದೊಡ್ಡವರಿಗೂ ಅದೇ.”

“ಅವರಿಗೂ?”

“ಅವರಿಗೂ.”

ಅವಳು ತಿರುಗಿ ಉಳಿದವರಿಗೆ ತಮಿಳಿನಲ್ಲಿ ಏನೋ ಹೇಳಿದಳು. ಜಗಲಿ ಖಾಲಿಯಾಯಿತು. ಆಮೇಲೆ ಎಷ್ಟು ವಾರ ಹಾಗೆಯೇ ಇದ್ದರು ಅವರು! ನೀರಿಗೆ ಒಬ್ಬೊಬ್ಬರಾಗಿ ಹೋಗುವುದು, ಹಳೇ ಪಂಚೆ ಹರಿದು ಮುಖಕ್ಕೆ ಕಟ್ಟಿಕೊಳ್ಳುವುದು. ತಟ್ಟೆ ಬಡಿಯಿರಿ ಎಂದಾಗ ಬಡಿದಿದ್ದರು, ದೀಪ ಹಚ್ಚಿ ಎಂದಾಗ ಹಚ್ಚಿದರು. ನಮ್ಮ ಎಸ್ಟೇಟಿನ ಡಿಸಿಪ್ಲಿನ್ ನೋಡಿ ಎಂದು ನಾನು ಫೋನಿನಲ್ಲಿ ನೆಂಟರಿಗೆಲ್ಲ ಕೊಚ್ಚಿಕೊಂಡೆ.

ಆ ದಿನಗಳಲ್ಲೇ ಆ ಮುಂದಾಳು ಹೆಂಗಸಿನ ತಾಯಿ ತೀರಿಕೊಂಡದ್ದು. ಸುಂಟಿಕೊಪ್ಪದ ಕಡೆಯ ಇನ್ನೊಂದು ಎಸ್ಟೇಟಿನಲ್ಲಿ ಇವಳ ತಮ್ಮನ ಜೊತೆ ಇದ್ದ ಮುದುಕಿ. ಬೆಳಿಗ್ಗೆ ಫೋನ್ ಬಂತಂತೆ. ಅವಳು ಒಳ್ಳೆಯ ಸೀರೆ ಉಟ್ಟು, ಸೆರಗಿನ ತುದಿಯಲ್ಲಿ ಒಂದು ಹಿಡಿ ಅಕ್ಕಿ ಗಂಟು ಹಾಕಿಕೊಂಡು ಬಂಗಲೆಯ ಮೆಟ್ಟಿಲ ಕೆಳಗೆ ನಿಂತಳು. ಅವರಲ್ಲಿ ಸತ್ತವರ ಬಾಯಿಗೆ ಮಕ್ಕಳು ಅಕ್ಕಿ ಹಾಕಿಯೇ ಕಳಿಸಬೇಕು. ಜೀಪು ಬೇಕಿತ್ತು ಅವಳಿಗೆ.

ಕೆಲಸದವರ ಹಾಜರಿ ಬರೆಯುವ ನಮ್ಮ ರೈಟರ್ ವರಾಂಡದಲ್ಲಿ ನನ್ನ ಕಿವಿಯ ಹತ್ತಿರ ಬಂದು, “ಸಾವಿಗೆ ಪಾಸ್ ಕೊಡ್ತಾರೆ ಅಮ್ಮ, ಸ್ಟೇಷನ್ನಿಗೆ ಒಂದು ಫೋನ್ ಮಾಡಿದ್ರೆ ಆಯ್ತು” ಎಂದ. ಬೇಡ ಎಂದು ಕೈಯಲ್ಲೇ ಸನ್ನೆ ಮಾಡಿದೆ. ಅವಳು ಹೋದರೆ ಅವಳ ಹಿಂದೆ ಇಡೀ ಲೈನ್ ಹೊರಡುತ್ತದೆ. ಮದುವೆಗೆ ಕರೆಯಬೇಕು, ಸಾವಿಗೆ ಕರೆಯದೆ ಹೋಗಬೇಕು ಎನ್ನುವ ಜನ ನಾವು. ನನಗೆ ನಿಯಮಕ್ಕಿಂತ ನಿಯಮ ಪಾಲಿಸಿದ ಹೆಮ್ಮೆ ದೊಡ್ಡದಾಗಿತ್ತು.

“ಆ ದೊಡ್ಡವರೇ ಕೈ ಮುಗಿದು ಕೇಳಿದ್ದಾರೆ, ಜನ ಸೇರಬೇಡಿ ಅಂತ” ಎಂದೆ.

ಅವಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. “ಎಲ್ಲರಿಗೂ ಒಂದೇ ಅಲ್ವಾ ಅಮ್ಮ?”

“ಒಂದೇ.”

ಅವಳು ಅಳಲಿಲ್ಲ. ಸೆರಗಿನ ಗಂಟು ಬಿಚ್ಚದೆ ಹಾಗೇ ಕೆಳಗಿಳಿದು ಹೋದಳು.

ಮರುವರ್ಷ ಕಾಫಿ ಹೂವು ಬಿದ್ದು ಮುಗಿದಿತ್ತು. ಎಲ್ಲೋ ಬೇರೆ ರಾಜ್ಯಗಳಲ್ಲಿ ಎಲೆಕ್ಷನ್. ಮಧ್ಯಾಹ್ನದ ಟೀ ಹಿಡಿದು ಟಿವಿ ಹಾಕಿದೆ. ಅದೇ ದೊಡ್ಡವರು. ಅದೇ ಒಳ್ಳೆಯ ಹಿಂದಿ. ಎದುರಿಗೆ ಸೂಜಿ ಹಾಕಿದರೂ ನೆಲಕ್ಕೆ ಬೀಳದಷ್ಟು ಜನ, ಮುಖದ ಮೇಲೆ ಬಟ್ಟೆ ಇದ್ದವರನ್ನು ಹುಡುಕಬೇಕು. ಆ ಜನವನ್ನು ನೋಡಿ ಅವರಿಗೆ ಖುಷಿಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟರು. ಚಾನೆಲ್ ಬದಲಿಸಿದೆ. ಅಲ್ಲಿ ಬೇರೆ ಪಕ್ಷದವರು, ಬೇರೆ ಜನಜಂಗುಳಿ. ಆದರೆ ಅವರ ಮಾತನ್ನು ನಾನು ಕನ್ನಡ ಮಾಡಿರಲಿಲ್ಲ.

ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟಿನಲ್ಲಿ ನಮಗೆ ಸಿಹಿ ಬಿಡಿಸಿದರೆ ತಾವೂ ಬಿಡುತ್ತಿದ್ದರು. ನಾವು ಅವರ ಡಬ್ಬಿಗಳನ್ನು ಕದ್ದು ತೆರೆದು ನೋಡಿದ್ದುಂಟು, ಏನೂ ಇರಲಿಲ್ಲ. ಮಾತಿನ ತೂಕ ಎಂದರೆ ಅದು ಎಂದುಕೊಂಡೇ ಮುದುಕಿಯಾದೆ ನಾನು.

ನಾನು ಟಿವಿ ಆರಿಸಿದರೇನು, ಲೈನಿನಲ್ಲಿ ಎಲ್ಲರ ಕೈಯಲ್ಲೂ ಫೋನು. ಆ ದೃಶ್ಯ ನೋಡಲು ಯಾರಿಗೂ ಹಿಂದಿ ಬರಬೇಕಾಗಿರಲಿಲ್ಲ. ವಾರದೊಳಗೆ ಮಾಸ್ಕುಗಳೆಲ್ಲ ಗಲ್ಲಕ್ಕೆ ಇಳಿದವು, ಆಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ. “ಅಷ್ಟು ಜನದ ಮಧ್ಯೆ ನಿಂತವ್ರಿಗೆ ಬರದ ಕಾಯಿಲೆ ಈ ಕಾಡಿಗೆ ದಾರಿ ಕೇಳ್ಕೊಂಡು ಬರ್ತದಾ ಅಮ್ಮ?” ಎಂದು ಹೆಂಗಸರು ನಕ್ಕರು.

ಕಾಯಿಲೆ ಬಂತು. ಮೂರನೆಯ ಮನೆಯಿಂದ ಶುರುವಾಗಿ ಆ ಮುಂದಾಳು ಹೆಂಗಸಿನ ಗಂಡನವರೆಗೆ. ನಾನು ಬೆರಳಿಗೆ ಸಿಕ್ಕಿಸಿ ನೋಡುವ ಆಕ್ಸಿಮೀಟರ್ ಹಿಡಿದು ಹೋದೆ. ಅವನು ಗೋಡೆಗೆ ಒರಗಿ ಕೂತು, ಹತ್ತಿದ್ದ ಏರನ್ನು ಇನ್ನೂ ಹತ್ತುತ್ತಲೇ ಇರುವವನಂತೆ ಉಸಿರಾಡುತ್ತಿದ್ದ. ಅಂಕಿ ತೀರಾ ಕೆಳಗಿತ್ತು, ನಾನು ಅವಳ ಕಡೆ ತಿರುಗಿದೆ.

“ಜೀಪ್ ನಿಂತಿದೆ. ಈಗಲೇ ಮಡಿಕೇರಿಗೆ ಕರ್ಕೊಂಡು ಹೋಗ್ಬೇಕು.”

ಅವಳು ಬಾಗಿಲಿಗೆ ಅಡ್ಡ ನಿಂತಳು. “ಇದು ಯಾರು ಹೇಳಿದ್ದು? ಟಿವಿಯವರಾ, ನೀವಾ?”

“ನಾನು.”

“ಆವಾಗ್ಲೂ ನೀವೇ ಹೇಳಿದ್ದು. ಅವರ ಭಾಷೆ ನಂಗೆಂತ ಗೊತ್ತು? ನಿಮ್ಮ ಮುಖ ನೋಡಿ ಕೇಳಿದ್ದು ನಾನು.” ದನಿ ಏರಿಸಲೇ ಇಲ್ಲ ಅವಳು. “ನಮ್ಮಮ್ಮ ಸತ್ತಾಗ ಜನ ಸೇರಬಾರ್ದು ಅಂದ್ರಿ. ಅಲ್ಲಿ ಅಷ್ಟು ಜನ ಸೇರಿದ್ರಲ್ಲ, ಅಲ್ಲಿ ಯಾರು ಸತ್ತಿದ್ದು ಅಮ್ಮ?”

ಬೇಕಾದರೆ ಎಲ್ಲವನ್ನೂ ಆ ದೊಡ್ಡವರ ತಲೆಗೆ ಕಟ್ಟಬಹುದಿತ್ತು. ಅವರು ನನಗೂ ಮೋಸ ಮಾಡಿದರು ಎಂದು ಅವಳ ಜೊತೆ ಸೇರಿ ಅಳಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಒಳಗೆ ಅವನು ಉಸಿರಿಗೆ ಒದ್ದಾಡುತ್ತಿದ್ದ, ಇನ್ನೊಂದು ಅರ್ಧ ಸತ್ಯ ಹೇಳಿ ಅವಳನ್ನು ಬಾಗಿಲಿನಿಂದ ಸರಿಸುವ ಧೈರ್ಯ ನನಗಿರಲಿಲ್ಲ.

“ಅವತ್ತು ನಿನಗೆ ಪಾಸ್ ಸಿಗ್ತಿತ್ತು” ಎಂದೆ. “ರೈಟರ್ ಹೇಳಿದ್ದ. ಬೇಡ ಅಂದದ್ದು ನಾನು. ಟಿವಿಯವರಲ್ಲ.”

ಅವಳಿಗೆ ಅದು ಗೊತ್ತಿರಲಿಲ್ಲ. ನನ್ನ ಮುಖವನ್ನು ನೋಡಿದಳು, ಹೊಸಬರನ್ನು ನೋಡುವ ಹಾಗೆ. ಆಮೇಲೆ ಒಳಗೆ ಹೋಗಿ ಗಂಡನಿಗೆ ಅಂಗಿ ತೊಡಿಸಿದಳು.

“ನಾನೂ ಹೋಗ್ತೇನೆ. ಬೇಡ ಅನ್ನಬೇಡಿ.”

ಅನ್ನಲಿಲ್ಲ. ಎರಡು ವಾರದ ಮೇಲೆ ಅವನು ಹಿಂದಿರುಗಿದ, ಅರ್ಧ ಆಳಾಗಿ. ಬದುಕಿದ್ದಾನೆ. ಈಗಲೂ ಮೆಣಸಿನ ಬಳ್ಳಿಗೆ ಏಣಿ ಹತ್ತಲಾರ. ಅವಳು ಕೆಲಸಕ್ಕೆ ಬರುತ್ತಾಳೆ, ಅಮ್ಮ ಎಂದೇ ಕರೆಯುತ್ತಾಳೆ. ನನ್ನ ಸೀರೆ ಹೇಗೆ ಕಟ್ಟಿದ್ದರೂ ಏನೂ ಅನ್ನುವುದಿಲ್ಲ.

ಲಸಿಕೆ ಹಾಕಲು ನರ್ಸ್ ಬಂದ ದಿನ ಲೈನಿನ ಜನ ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ಯಾರೂ ಮುಂದೆ ಬರಲಿಲ್ಲ. “ಅಮ್ಮ, ನೀವೊಂದು ಮಾತು ಹೇಳಿ, ನಿಮ್ಮ ಮಾತು ಕೇಳ್ತಾರಂತಲ್ಲ” ಎಂದಳು ನರ್ಸ್. ನಾನು ತಲೆಯಾಡಿಸಿ ಒಲ್ಲೆ ಎಂದೆ. ಆಗ ಆ ಮುಂದಾಳು ಜಗಲಿಯಿಂದ ಇಳಿದು ಬಂದು ನರ್ಸಿನ ಎದುರು ನಿಂತಳು.

“ನೀವು ಹಾಕ್ಕೊಂಡ್ರಾ?”

“ಎರಡೂ ಆಯ್ತು.”

“ನಿಮ್ಮ ಮನೆಯವ್ರಿಗೆ? ಮಕ್ಕಳ ಅಜ್ಜಿಗೆ?”

ಒಂದೊಂದನ್ನೂ ಕೇಳಿ, ಉತ್ತರ ತೂಗಿ ನೋಡಿ, ಕೊನೆಗೆ ರವಿಕೆಯ ತೋಳು ಮೇಲೆ ಸರಿಸಿದಳು. ಅವಳ ಹಿಂದೆ ಉಳಿದವರು ಬಂದರು. ನಾನೂ ಲಸಿಕೆ ಹಾಕಿಸಿಕೊಂಡಾಗಿತ್ತು. ಅವಳ ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಅವಳು ಏನನ್ನೂ ಕೇಳಲಿಲ್ಲ.