ರುಚಿ ನೋಡದ ಭಟ್ಟರು

ಎಪ್ಪತ್ತರ ದಶಕದಲ್ಲಿ ನಾನು ಸಪ್ಲಾಯರ್ ಆಗಿದ್ದ ಗ್ರಾಂಟ್ ರೋಡಿನ ಹೋಟೆಲಿನಲ್ಲಿ, ಅಡುಗೆ ಭಟ್ಟರು ತಾವು ಮಾಡಿದ ಸಾಂಬಾರನ್ನು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಅವರ ದೊಡ್ಡ ಕರುಳಿನಲ್ಲಿ ಹುಣ್ಣಿತ್ತು; ಖಾರ ತಿಂದರೆ ರಕ್ತಭೇದಿ ಶುರುವಾಗುತ್ತಿತ್ತು. ಮೂರು ಹೊತ್ತೂ ಗಂಜಿ, ಬೇಯಿಸಿದ ಸೋರೆಕಾಯಿ. ಯಾರಾದರೂ ಕನಿಕರಪಟ್ಟರೆ, "ನನ್ನ ಹೊಟ್ಟೆ ನನಗೆ ಗೊತ್ತುಂಟು" ಎನ್ನುತ್ತಿದ್ದರು.

ಹೋಟೆಲನ್ನು ಹೊಸದಾಗಿ ವಹಿಸಿಕೊಂಡ ಧಣಿಗಳಿಗೆ ಅನುಮಾನ ಬಂತು. "ನೀವೇ ತಿನ್ನದ್ದನ್ನು ಗಿರಾಕಿಗೆ ಬಡಿಸುದು ಹೇಗೆ ಭಟ್ರೆ? ಒಂದು ಸೌಟು ಕುಡಿದು ತೋರಿಸಿ."

ಭಟ್ಟರು ಕೊಪ್ಪರಿಗೆಯ ಮೇಲೆ ಬಾಗಿ, ಕಣ್ಣು ಮುಚ್ಚಿ ಹಬೆ ಎಳೆದುಕೊಂಡರು. "ದೇವಸ್ಥಾನದಲ್ಲಿ ನೈವೇದ್ಯ ಮಾಡಿ ಕಲಿತವ ನಾನು. ದೇವರಿಗಿಂತ ಮೊದಲು ರುಚಿ ನೋಡ್ಲಿಕ್ಕುಂಟಾ? ಮೂಗು ಸಾಕು. ಇದಕ್ಕೆ ಉಪ್ಪು ಒಂದು ಮುಷ್ಟಿ ಕಮ್ಮಿ."

ಧಣಿಗಳು ಸೌಟಿನಲ್ಲಿ ತೆಗೆದು ಕುಡಿದು ನೋಡಿದರು. ತಾವೇ ಹೋಗಿ ಉಪ್ಪಿನ ಡಬ್ಬ ತಂದುಕೊಟ್ಟರು.

ಮರುದಿನದಿಂದ ಭಟ್ಟರ ಸೋರೆಕಾಯಿಯನ್ನು ಮಾರ್ಕೆಟಿನಲ್ಲಿ ಧಣಿಗಳೇ ಆರಿಸಿ ತರತೊಡಗಿದರು.